ಅರ್ಧ ಸರಿ

ಗೋಪಿ ಸರ್ಕಲ್ಲಿನ ಅಂಗಡಿಯಿಂದ ಬಂದ ಇಮ್ತಿಯಾಜ್
ರೌಟರನ್ನು ಬೋರಲು ಹಾಕಿ
ಹೊಟ್ಟೆಗೆ ಅಂಟಿಸಿದ ಚೀಟಿ ತೋರಿಸಿದ.
ಎಂಟು ಅಂಕಿ.
ಇದು ಗೊತ್ತಿದ್ರೆ ಪಾಸ್‌ವರ್ಡೇ ಬೇಡ ಅಮ್ಮ,
ಸುಲಭ ಆಗ್ಲಿ ಅಂತ ಇಟ್ಟಿರೋದು.

ನಾನು ಭದ್ರಾವತಿ ಶಾಖೆಯ ಹಳೇ ಕ್ಯಾಶಿಯರ್.
ಎಂಟು ಅಂಕಿ ಕಂಡರೆ ಮನಸ್ಸು ತಾನೇ ಎಣಿಸುತ್ತದೆ:
ಹತ್ತು ಕೋಟಿ.
ಹತ್ತು ಕೋಟಿ ಸಲ ಬಾಗಿಲು ತಟ್ಟಬೇಕಾದ ಕಳ್ಳ
ನಾಲ್ಕನೇ ದಿನಕ್ಕೆ ಬೇರೆ ಕಸುಬು ಹಿಡಿದಾನು.
ಸಾಕಲ್ಲ ಮಾರಾಯ, ಎಂದೆ.

ಸಾಲದು, ಎಂದ. ಚಹಾ ಆರುತ್ತಿತ್ತು.
ಈ ಪೆಟ್ಟಿಗೆ ಎಂಟನ್ನೂ ಒಟ್ಟಿಗೆ ಕೇಳಲ್ಲ.
ಮೊದಲು ನಾಲ್ಕು ಕೇಳುತ್ತೆ.
ತಪ್ಪಿದ್ದರೆ ಅಲ್ಲೇ ತಪ್ಪು ಅನ್ನುತ್ತೆ,
ಸರಿಯಿದ್ದರೆ, ಹ್ಞೂಂ, ಉಳಿದದ್ದು ಹೇಳು, ಅನ್ನುತ್ತೆ.
ಕೊನೆಯದಂತೂ ಲೆಕ್ಕಕ್ಕೇ ಇಲ್ಲ,
ಮುಂದಿನ ಏಳನ್ನು ಕೂಡಿಸಿ ಕಳೆದು ಹುಟ್ಟಿಸಿದ್ದು.

ಕೂತಲ್ಲೇ ಹಾಕಿದೆ ಲೆಕ್ಕ.
ನಾಲ್ಕಕ್ಕೆ ಹತ್ತು ಸಾವಿರ, ಮೂರಕ್ಕೆ ಒಂದು.
ಹನ್ನೊಂದು ಸಾವಿರ!
ಕಾರ್ಖಾನೆಯ ಸಂಬಳದ ದಿನ, ಒದ್ದೆ ಸ್ಪಂಜಿಗೆ ಬೆರಳೊತ್ತಿ,
ನೂರು ನೋಟಿನ ಕಟ್ಟು ನೂರ ಹತ್ತು
ಮಧ್ಯಾಹ್ನದ ಸೈರನ್ನಿನೊಳಗೆ ಒಬ್ಬಳೇ ಎಣಿಸಿದ್ದೇನೆ,
ನಡುವೆ ಒಮ್ಮೆ ಎದ್ದು ನೀರು ಕುಡಿದು.

ಆಗ ನೆನಪಾದವರು ರಾಯ್ಕರ್.
ತಿಜೋರಿಗೆ ಎರಡು ಕೀಲಿ.
ಒಂದು ಅವರ ಸೊಂಟದಲ್ಲಿ, ಇನ್ನೊಂದು ನನ್ನ ಸೆರಗಿನ ಗಂಟಲ್ಲಿ.
ಹದಿನಾರು ವರ್ಷ, ಒಂಬತ್ತೂ ಮುಕ್ಕಾಲಿಗೆ,
ಭುಜ ತಾಗದಷ್ಟು ದೂರ ನಿಂತು ತಿರುಗಿಸಿದ್ದೇವೆ.
ಒಂದು ಸಲ ತೆರೆಯಲಿಲ್ಲ.
ಹೊರಗೆ ಸಾಲು ರಸ್ತೆಗಿಳಿದಿತ್ತು, ಬೈಗುಳ ಒಳಗೆ ಬರುತ್ತಿತ್ತು.
ತಪ್ಪು ಅವರ ಕೀಲಿಯದೋ ನನ್ನದೋ
ಕಬ್ಬಿಣ ಬಾಯಿ ಬಿಡಲಿಲ್ಲ.
ಅವತ್ತು ಅದಕ್ಕೆ ಶಾಪ ಹಾಕಿದ್ದೆ.
ಇವತ್ತು ಗೊತ್ತಾಯಿತು, ಅದು ಎಂಥ ಮರ್ಯಾದಸ್ಥ ಬಾಗಿಲು.

ನಾನೇನು ಕಮ್ಮಿ?
ಎದುರು ಮನೆಯ ಸರೋಜಾಕ್ಷಿ ಸೊಪ್ಪು ಆರಿಸುತ್ತಾ ಕೇಳಿದ್ದಳು:
ನಿಮ್ಮ ತಂಗಿ ಶಿಕಾರಿಪುರದಲ್ಲೇ ಇದ್ದಾಳಲ್ವಾ?
ಇಲ್ಲ, ಎಂದೆ ಥಟ್ಟನೆ.
ಹಾಗಾದ್ರೆ ಗಂಡನ ಜೊತೆಗಿಲ್ಲ?
ಸುಮ್ಮನಾದೆ.
ಆ ಸುಮ್ಮನಿರುವಿಕೆಯೇ ನನ್ನ ಮೊದಲ ನಾಲ್ಕು ಅಂಕಿ.
ಸಂಜೆಯೊಳಗೆ ಉಳಿದ ಮೂರೂ ವಿನೋಬನಗರಕ್ಕೆಲ್ಲ ಗೊತ್ತಿತ್ತು.

ಇಮ್ತಿಯಾಜ್ ಒಳಗಿನ ಪುಟ ತೆರೆದು
ಆ ಸುಲಭವನ್ನು ಆರಿಸಿದ.
ಹಿಂಬದಿಯ ಗುಂಡಿಯನ್ನೂ.
ಅದನ್ನು ಒತ್ತಿದರೆ ಎರಡು ನಿಮಿಷ ಬಾಗಿಲು ಹಾರು ಹೊಡೆದಿರುತ್ತೆ,
ಅಷ್ಟರಲ್ಲಿ ಬಂದವನು ಯಾರೇ ಆಗಲಿ, ನೆಂಟನೇ.
ಆಫ್ ಅಂತ ತೋರಿಸಿ ಆಫ್ ಆಗದ ಪೆಟ್ಟಿಗೆಗಳೂ ಉಂಟು, ಎಂದು
ಹೊಸ ತಂತ್ರಾಂಶ ತುಂಬಿದ,
ಗೇಟಿನಾಚೆ ನುಗ್ಗೆಮರದ ಕೆಳಗೆ ನಿಂತು
ತನ್ನ ಫೋನಿಂದ ತಾನೇ ಕಳ್ಳನಾಗಿ ನೋಡಿದ.
ಮತ್ತೆ ನೋಡಿದ.
ಬೀಗ ಜಗ್ಗಿ ನೋಡದೆ ಮನೆಗೆ ಹೋಗದ
ನಮ್ಮ ಜವಾನ ಕರಿಬಸಪ್ಪನ ಹಾಗೆ.

ಇನ್ನು ಪಾಸ್‌ವರ್ಡು, ಉದ್ದ ಇರಲಿ,
ಹುಟ್ಟಿದ ದಿನ ಬೇಡ, ಮನೆ ನಂಬರು ಬೇಡ.
ಬಾಯಲ್ಲಿ ಹೇಳಬೇಡಿ, ನೀವೇ ಒತ್ತಿ, ಎಂದವನು
ಗೋಡೆಯ ಕ್ಯಾಲೆಂಡರಿನ ಕಡೆ ಮುಖ ತಿರುಗಿಸಿ
ಅಮಾವಾಸ್ಯೆ ಯಾವಾಗ ಎಂದು ಹುಡುಕುತ್ತ ನಿಂತ.

ಹಾಗೇ ನಿಲ್ಲುತ್ತಿದ್ದರು ರಾಯ್ಕರ್,
ನನ್ನ ಕೀಲಿ ಗಂಟು ಬಿಚ್ಚುವಷ್ಟು ಹೊತ್ತು
ಕಿಟಕಿಯಾಚೆಯ ಸೈಕಲ್ಲುಗಳನ್ನು ನೋಡುತ್ತ.
ಅವರ ಕೀಲಿಗೆ ಎಷ್ಟು ಹಲ್ಲಿದ್ದವು
ಇವತ್ತಿಗೂ ನನಗೆ ಗೊತ್ತಿಲ್ಲ.

ಒಂದೊಂದೇ ಅಕ್ಷರ ಒತ್ತಿದೆ. ಇಪ್ಪತ್ತೆರಡು.
ಚಹಾ ಮತ್ತೆ ಬಿಸಿ ಮಾಡಿದೆ.
ಇನ್ನೂರು ಕೊಡಿ, ಎಂದ.
ಎರಡು ನೋಟನ್ನು
ಎರಡು ಸಲ ಎಣಿಸಿ ಕೊಟ್ಟೆ.